ನಾನೂರು ಲೋಟ, ಏಳು ಕಮ್ಮಿ

ಗೃಹಪ್ರವೇಶದ ಮರುದಿನ ಹಿತ್ತಲಲ್ಲಿ ಗೋಣಿಚೀಲ ಹಾಸಿಕೊಂಡು ಸ್ಟೀಲ್ ಲೋಟ ಎಣಿಸಲು ಕೂತೆವು. ಹತ್ತು ಹತ್ತು ಲೋಟ ಒಂದರೊಳಗೊಂದು ಸಿಗಿಸಿ ಸಾಲಾಗಿ ಇಟ್ಟೆವು. ನಾನೊಂದು ಸಲ, ಮಗಳೊಂದು ಸಲ, ಅಂಗಡಿಯ ಹುಡುಗ ಒಂದು ಸಲ. ಮೂರು ಸಲವೂ 393. ತಂದದ್ದು 400.

ಈ ಬರಹ ಆ ಲೋಟ ಬಾಡಿಗೆಗೆ ಕೊಟ್ಟ ಅಂಗಡಿಯ ಬಗ್ಗೆ. ದಾವಣಗೆರೆಯ ಹಳೇಪೇಟೆ ಕಡೆ ಇದೆ. ಹೆಸರು ಹಾಕಲಾ ಅಂತ ಕೇಳಿದ್ದಕ್ಕೆ ಮಾಲೀಕರೇ ಬೇಡ ಎಂದರು. "ಅಕ್ಕಾರೆ, ನನ್ನ ಹತ್ರ ಇರೋದೇ ಎಂಟುನೂರು ಲೋಟ. ಲಗ್ನದ ಸೀಸನ್‌ನಲ್ಲಿ ಈಗಿರೋ ಗಿರಾಕಿಗೇ ಸಾಲಲ್ಲ. ಸುಮ್ನೆ ಫೋನ್ ಬರ್ತಾವೆ, ಇಲ್ಲ ಅಂತ ಹೇಳೋದೇ ಒಂದು ಕೆಲಸ ಆಗುತ್ತೆ." ಬೇಕಾದವರು ಆ ಕಡೆ ಹೋಗಿ ಪಾತ್ರೆ ಬಾಡಿಗೆ ಅಂಗಡಿ ಎಲ್ಲಿ ಅಂತ ವಿಚಾರಿಸಿ. ಬಾಗಿಲ ಪಕ್ಕ ದೊಡ್ಡ ತಾಮ್ರದ ಹಂಡೆ ಬೋರಲು ಹಾಕಿದ್ದರೆ ಅದೇ ಅಂಗಡಿ.

ನಾನು ಅಲ್ಲಿಗೆ ಹೋಗಿದ್ದಕ್ಕೆ ಕಾರಣ ಅಡುಗೆ ಕಂಟ್ರಾಕ್ಟರ್ ಕೊಟ್ಟ ಪಟ್ಟಿ. 350 ಜನಕ್ಕೆ ಊಟ. ಗೋಧಿ ಹುಗ್ಗಿ, ಹೋಳಿಗೆ, ಎಣ್ಣೆಗಾಯಿ, ಕೋಸಂಬರಿ ಎಲ್ಲಾ ಸರಿಯಾಗೇ ಇತ್ತು. ಕೊನೆಯ ಸಾಲಲ್ಲಿ "ನೀರಿನ ಬಾಟ್ಲಿ 200 ಎಂಎಲ್, ತಲೆಗೆ ಎರಡು" ಅಂತ ಬರೆದಿದ್ದರು. ಲೆಕ್ಕ ಹಾಕಿದರೆ 700 ಬಾಟ್ಲಿ. ನಮ್ಮ ಮನೆಯವರು ಹೊಸ ಮನೆಯ ತಾರಸಿ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದ್ದಾರೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ ಸಿಕ್ಕಿತು ಅಂತ ಬಂದವರನ್ನೆಲ್ಲ ಮೆಟ್ಟಿಲು ಹತ್ತಿಸಿ ತೋರಿಸುತ್ತಾರೆ. ಮೇಲೆ ಸೂರ್ಯನ ಕರೆಂಟು, ಕೆಳಗೆ 700 ಬಾಟ್ಲಿ ಗುಡ್ಡೆ. ಇದು ಹೆಂಗ್ರೀ ಹೊಂದುತ್ತೆ ಅಂತ ಕೇಳಿದೆ. "ಅಡುಗೆಯವರನ್ನೇ ಕೇಳು" ಎಂದು ಜಾರಿಕೊಂಡರು.

ಅಡುಗೆಯವರ ಹತ್ತಿರ ಉತ್ತರ ರೆಡಿ ಇತ್ತು. "ಇಕೋ ಫ್ರೆಂಡ್ಲಿ ಪ್ಯಾಕೇಜ್ ಐತ್ರಿ ಮೇಡಂ, ಒಂದು ಊಟಕ್ಕೆ 18 ರೂಪಾಯಿ ಜಾಸ್ತಿ." ಪ್ಲಾಸ್ಟಿಕ್ ಕಪ್ ಬದಲು ಪೇಪರ್ ಕಪ್, ಟೇಬಲ್ ಮೇಲೆ ಹಾಸುವ ಪ್ಲಾಸ್ಟಿಕ್ ರೋಲ್ ಬದಲು ಪೇಪರ್ ರೋಲ್, ಮರದ ಚಮಚ, ತಿಂಡಿಗೆ ಅಡಿಕೆ ಹಾಳೆ ತಟ್ಟೆ. ನೀರಿನ ಬಾಟ್ಲಿ ಹಾಗೇ ಇತ್ತು. ಅದರ ಲೇಬಲ್ ಮಾತ್ರ ಹಸಿರು!

ಪೇಪರ್ ಕಪ್ ಅಂದರೆ ಬರೀ ಪೇಪರ್ ಅಲ್ಲ. ಒಳಗೆ ತೆಳ್ಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಕಾಫಿ ಸೋರುತ್ತದೆ. ಖರಗ್‌ಪುರ ಐಐಟಿಯವರು 2020ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದರು. ಅಂಥ ಕಪ್ಪಿನಲ್ಲಿ 100 ಎಂಎಲ್ ಬಿಸಿ ನೀರು 15 ನಿಮಿಷ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ನೀರಿಗೆ ಇಳಿಯುತ್ತವಂತೆ. ನಮ್ಮ ಕಡೆ ಒಂದು ಕಾಫಿಗೆ ಹದಿನೈದು ನಿಮಿಷ ಮಾತಾಡುವುದು ಮಾಮೂಲಿ. 18 ರೂಪಾಯಿ ಜಾಸ್ತಿ ಕೊಟ್ಟು ಇದನ್ನು ಯಾಕೆ ಕುಡಿಸಬೇಕು ಅನ್ನಿಸಿತು.

ಹಾಳೆ ತಟ್ಟೆ ವಿಷಯದಲ್ಲಿ ಮನೆಯಲ್ಲೇ ಜಗಳ ಆಯಿತು. ನಾದಿನಿ ಮನೆಯವರದು ಚನ್ನಗಿರಿ ಕಡೆ ಅಡಿಕೆ ತೋಟ. ಉದುರಿದ ಹಾಳೆಯನ್ನು ನೀರಲ್ಲಿ ನೆನೆಸಿ, ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಆಗುತ್ತದೆ. ಮರ ಕಡಿಯಬೇಕಾಗಿಲ್ಲ, ಅಂಟು ಬಣ್ಣ ಯಾವುದೂ ಬೇಡ. ಇದಕ್ಕಿಂತ ಒಳ್ಳೆಯದು ಏನಿದೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ 2025ರಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ, ಈ ತಟ್ಟೆ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅಡಿಕೆಯಲ್ಲಿರುವ ಕೆಲವು ಅಂಶ ಹಾಳೆಯಿಂದ ಊಟಕ್ಕೆ ಇಳಿಯಬಹುದು ಅನ್ನುವುದು ಅವರ ಮಾತು. ಇದನ್ನು ಹೇಳಿದ್ದೇ ತಡ ನಾದಿನಿ ಗಂಡನಿಗೆ ಸಿಟ್ಟು ಬಂತು. "ನಮ್ಮಜ್ಜ ಎಂಬತ್ತು ವರ್ಷ ಅಡಿಕೆನೇ ಅಗೀತಿದ್ದ. ತಟ್ಟೆ ಯಾರು ಅಗೀತಾರೆ?" ಕೊನೆಗೆ ರಾಜಿ ಆದೆವು. ಸಂಜೆ ಬರುವವರ ಮಂಡಕ್ಕಿ, ಮಿರ್ಚಿಗೆ ಅಂತ 100 ಹಾಳೆ ತಟ್ಟೆ ಅವರ ಕಡೆಯಿಂದಲೇ ತರಿಸಿದೆವು. ಬಿಸಿ ಸಾರು, ಹುಳಿ ಅದರಲ್ಲಿ ಬಡಿಸಲಿಲ್ಲ. ಮಧ್ಯಾಹ್ನದ ಊಟಕ್ಕೆ ಬಾಳೆ ಎಲೆ. ಕುಡಿಯುವುದಕ್ಕೆ ಸ್ಟೀಲ್ ಲೋಟ ಹುಡುಕುತ್ತಾ ಹಳೇಪೇಟೆಗೆ ಹೋದೆ.

ಅಂಗಡಿ ಉದ್ದಕ್ಕೆ ರೈಲು ಡಬ್ಬಿ ಇದ್ದಂತಿದೆ. ಎರಡೂ ಕಡೆ ಗೋಡೆಗೆ ಡಬರಿ, ಕೊಳಗ, ಜಾಲರಿ ಸೌಟು, ಪರಾತ, ಬಕೆಟ್ಟು. ಒಂದೊಂದರ ಮೇಲೂ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ. ಮಾಲೀಕರಿಗೆ ಅರವತ್ತು ದಾಟಿದೆ. ಅವರಪ್ಪ ಈ ವ್ಯಾಪಾರ ಶುರು ಮಾಡಿದಾಗ ಊರಲ್ಲಿ ಹತ್ತಿ ಮಿಲ್ಲುಗಳಿದ್ದವು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಮಿಲ್ಲಿನವರ ಮನೆ ಮದುವೆ ಎಂದರೆ ಇವರದೇ ಪಾತ್ರೆ. ಆಗ ಎಲ್ಲಾ ಹಿತ್ತಾಳೆ. ವರ್ಷಕ್ಕೆ ಎರಡು ಸಲ ಕಲಾಯಿ ಹಾಕಿಸಬೇಕಿತ್ತು. ಮಿಲ್ಲು ಮುಚ್ಚಿದವು, ಕಲಾಯಿಯವರು ಅಪರೂಪ ಆದರು, ಹಿತ್ತಾಳೆ ಹೋಗಿ ಸ್ಟೀಲ್ ಬಂತು.

"ನೀವು ಪರಿಸರ ಉಳಿಸಬೇಕು ಅಂತ ಇದನ್ನ ನಡೆಸ್ತಿದ್ದೀರಾ?" ಅಂತ ಕೇಳಿಯೇಬಿಟ್ಟೆ. ಅವರು ನಕ್ಕರು. ಒಂದು ಕಾಲಕ್ಕೆ ಅವರ ಹತ್ತಿರ ಐದು ಸಾವಿರ ಲೋಟ ಇದ್ದವಂತೆ. ಬಾಟ್ಲಿ, ಪ್ಲಾಸ್ಟಿಕ್ ಕಪ್ ಬಂದ ಮೇಲೆ ಕೇಳುವವರಿಲ್ಲದೆ ಹೆಚ್ಚಿನವನ್ನು ಕೆಜಿ ಲೆಕ್ಕದಲ್ಲಿ ಗುಜರಿಗೆ ಹಾಕಿದರು. ಈಗ ಅಂಗಡಿ ನಡೆಯುವುದು ಶಾಮಿಯಾನ ಮತ್ತು ಪ್ಲಾಸ್ಟಿಕ್ ಕುರ್ಚಿಯ ಬಾಡಿಗೆಯಿಂದ. ಲೋಟ ಇಟ್ಟುಕೊಂಡಿರುವುದು ಹಳೆ ಗಿರಾಕಿಗಳು ಕೇಳುತ್ತಾರೆ ಅಂತ. ಎರಡು ವರ್ಷದಿಂದ ನನ್ನಂಥವರು ನಾಲ್ಕಾರು ಜನ ಬರತೊಡಗಿದ್ದಾರಂತೆ. "ನಿಮ್ಮಂಥೋರು ಇನ್ನೊಂದಿಪ್ಪತ್ತು ಮಂದಿ ಬಂದ್ರೆ ಮತ್ತೆ ಸಾವಿರ ಲೋಟ ತರ್ತೀನಿ. ಈಗಲೇ ತಂದು ಬಡ್ಡಿ ಯಾರು ಕಟ್ಟಬೇಕು?" ಅವರ ಮಾತಲ್ಲಿ ತಪ್ಪು ಕಾಣಲಿಲ್ಲ.

ಬಾಡಿಗೆ ಲೋಟಕ್ಕೆ 2 ರೂಪಾಯಿ, ನೀರಿನ ಜಗ್ಗಿಗೆ 5. ಕಳೆದರೆ ಲೋಟಕ್ಕೆ 35. ನನಗೆ ಹಿಡಿಸಿದ್ದು ದರಕ್ಕಿಂತ ಅವರು ತೊಳೆಯುವುದು ಹೇಗೆ ಅಂತ ಹೇಳಿಕೊಟ್ಟ ರೀತಿ. ಲೋಟದ ಜೊತೆ ಒಂದು ಚೀಲ ಬೂದಿ ಕೊಟ್ಟರು, ಪುಕ್ಕಟೆ. ಮಂಡಕ್ಕಿ ಭಟ್ಟಿಯಲ್ಲಿ ಭತ್ತದ ಹೊಟ್ಟು ಸುಟ್ಟ ಬೂದಿ. ಆ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನ ಜಾತಿಯದೇ. ಅದಕ್ಕೇ ಜಿಡ್ಡನ್ನು ಅಷ್ಟು ಚೆನ್ನಾಗಿ ಕೀಳುತ್ತದೆ. ಸ್ವಲ್ಪವೇ ಸೋಪು ಪುಡಿ ಬೆರೆಸಿದರೆ ಸಾಕು. "ಎಲ್ಲಾ ಭಟ್ಟಿಯ ಬೂದಿ ತರಲ್ಲ ಅಕ್ಕಾರೆ. ಟೈರು ಸುಡೋರ ಬೂದಿ ಕೈಗೆ ತಗೊಂಡ್ರೇ ಗೊತ್ತಾಗುತ್ತೆ, ವಾಸನೆ, ಜಿಗುಟು." ಈ ಊರಲ್ಲಿ ಹುಟ್ಟಿದವರಿಗೆ ಭಟ್ಟಿಗಳ ಕಪ್ಪು ಹೊಗೆ ಹೊಸದಲ್ಲ. ಬೂದಿ ಮುಟ್ಟಿ ಒಲೆಯಲ್ಲಿ ಏನು ಸುಟ್ಟರು ಅಂತ ಹೇಳುವವರನ್ನು ಮಾತ್ರ ನಾನು ಮೊದಲ ಸಲ ನೋಡಿದ್ದು.

ನೀರಿನ ಲೆಕ್ಕವೂ ಅವರೇ ಹೇಳಿಕೊಟ್ಟರು. ನಲ್ಲಿ ಬಿಟ್ಟುಕೊಂಡು ತೊಳೆಯಬೇಡಿ, ಮೂರು ದೊಡ್ಡ ಬುಟ್ಟಿ ಇಡಿ. ಮೊದಲನೆಯದರಲ್ಲಿ ಬೂದಿ ನೀರು, ಎರಡನೆಯದರಲ್ಲಿ ಅದ್ದಿ ತೆಗೆಯುವುದು, ಮೂರನೆಯದು ಬಿಸಿ ನೀರು. ಮೊದಲ ಬುಟ್ಟಿ ಕೊಳಕಾದರೆ ಅದನ್ನು ಚೆಲ್ಲಿ, ಎರಡನೆಯದನ್ನು ಮೊದಲನೆಯದಾಗಿ ಮಾಡಿಕೊಳ್ಳುವುದು. ನಮ್ಮದು 1,000 ಲೀಟರ್ ಟ್ಯಾಂಕು. ಇಡೀ ದಿನ ಲೋಟ ತೊಳೆದರೂ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಇಳಿದಿತ್ತು, ಅಷ್ಟೆ. ಬೇಸಿಗೆಯಲ್ಲಿ ಕುಂದುವಾಡ ಕೆರೆ ಮಟ್ಟ ನೋಡಿಕೊಂಡು ಬಟ್ಟೆ ಒಗೆಯುವ ಊರು ನಮ್ಮದು. ಸ್ಟೀಲ್ ಲೋಟ ತಂದು ನೀರು ಹಾಳು ಮಾಡಿದೆ ಅನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಇನ್ನು ದೂರುಗಳು. ಬೆಳಿಗ್ಗೆ 6ಕ್ಕೆ ಬರುತ್ತೆ ಅಂದ ಟೆಂಪೋ ಬಂದದ್ದು 7:45ಕ್ಕೆ. ಅಷ್ಟರಲ್ಲಿ ಬೀಗರು ಬಂದು ಕೂತಾಗಿತ್ತು. ನಮ್ಮ ಮನೆಯದು, ಅತ್ತೆಯವರ ಹಳೆ ಟ್ರಂಕಿನದು, ಪಕ್ಕದ ಮನೆಯದು ಅಂತ ಕೈಗೆ ಸಿಕ್ಕ ಲೋಟದಲ್ಲೆಲ್ಲ ಕಾಫಿ ಕೊಟ್ಟೆವು. ಬಂದ ಲೋಟಗಳೂ ಅಷ್ಟಕ್ಕಷ್ಟೆ. ಒದ್ದೆ ಇರುವಾಗಲೇ ಒಂದರೊಳಗೊಂದು ಸಿಗಿಸಿದ್ದರಿಂದ ಮುಗ್ಗಲು ವಾಸನೆ. ಎಲ್ಲವನ್ನೂ ಇನ್ನೊಮ್ಮೆ ಬಿಸಿ ನೀರಲ್ಲಿ ಅದ್ದಬೇಕಾಯಿತು. ಹತ್ತಿಪ್ಪತ್ತು ಲೋಟ ತಗ್ಗು ಬಿದ್ದು ನೆಲಕ್ಕೆ ನೆಟ್ಟಗೆ ಕೂರುತ್ತಿರಲಿಲ್ಲ. ಜಗ್ಗುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕಳಿಸಿದ್ದರು, ಅದಕ್ಕೇನು ಹೇಳೋಣ! ಬಿಲ್ಲು ಕೇಳಿದರೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ಕೊಟ್ಟರು.

ಬಡಿಸುವ ಹುಡುಗರು ಜಗ್ಗು ಹಿಡಿಯಲು ಒಪ್ಪಲಿಲ್ಲ. ಬಾಟ್ಲಿ ಆದರೆ ಎಲೆ ಪಕ್ಕ ಇಟ್ಟು ಹೋದರಾಯಿತು, ಲೋಟಕ್ಕೆ ಮತ್ತೆ ಮತ್ತೆ ಸುರಿಯಬೇಕು, ಅದು ನಮ್ಮ ಲೆಕ್ಕದಲ್ಲಿ ಬರಲ್ಲ ಎಂದರು. ಅಣ್ಣನ ಮಕ್ಕಳಿಬ್ಬರು ಪಂಚೆ ಮೇಲೆ ಕಟ್ಟಿ ನಿಂತರು. ಮೊದಲ ಪಂಕ್ತಿಯಲ್ಲೇ ಹರಿಹರದ ಮಾವನವರು "ಬಾಟ್ಲಿ ಇಲ್ಲೇನವ್ವಾ?" ಅಂತ ಜೋರಾಗಿ ಕೇಳಿದರು. ನನಗೆ ಮುಖ ಬಿಸಿ ಆಯಿತು. ಬಾಟ್ಲಿ ಇಡದಿದ್ದರೆ ಜಿಪುಣತನ ಅನ್ನುವ ಹಾಗಾಗಿದೆ ಈಗ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಲೋಟ ಎತ್ತಿ, ತುಟಿಗೆ ತಾಗಿಸದೆ ಗಟಗಟ ಕುಡಿದು, ಇನ್ನೊಂದು ಸಲ ಹಾಕಿಸಿಕೊಂಡರು. ಮಾವನವರೂ ಸುಮ್ಮನೆ ಲೋಟ ಮುಂದೆ ಹಿಡಿದರು.

ತೊಳೆಯಲು ಇಬ್ಬರು ಹೆಂಗಸರು ಬಂದಿದ್ದರು, ತಲೆಗೆ 700 ಕೂಲಿ. ಅವರಲ್ಲೊಬ್ಬರು ಹೇಳಿದ ಮಾತು ನನ್ನ ತಲೆಯಲ್ಲಿ ಉಳಿದಿದೆ. ಮದುವೆ ಮನೆಯಲ್ಲಿ ಖಾಲಿ ಬಾಟ್ಲಿ ಆರಿಸಿ ಗುಜರಿಗೆ ಹಾಕಿದರೂ ಅವರಿಗೆ ನಾಲ್ಕು ಕಾಸು ಸಿಗುತ್ತದೆ. ಇಲ್ಲಿ ಕೂಲಿ ಜಾಸ್ತಿ, ಆದರೆ ಬೂದಿಯಲ್ಲಿ ಬೆರಳ ತುದಿ ಉರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಮಗಳು ಓಡಿಹೋಗಿ ಎರಡು ಜೊತೆ ರಬ್ಬರ್ ಕೈಗವಸು ತಂದಳು. ಇದು ನನಗೇ ಮೊದಲು ಹೊಳೆಯಬೇಕಿತ್ತು.

ದುಡ್ಡಿನ ಲೆಕ್ಕ ನೋಡಿ. ಲೋಟಕ್ಕೆ 800, 30 ಜಗ್ಗಿಗೆ 150, 20 ಲೀಟರಿನ 14 ಕ್ಯಾನ್ ನೀರಿಗೆ 420, ಕೂಲಿ 1,400, ಟೆಂಪೋ 300. ಏಳು ಲೋಟ ಕಳೆದದ್ದಕ್ಕೆ 245. ಒಟ್ಟು 3,315. ಬಾಟ್ಲಿ ಒಂದಕ್ಕೆ 5ರಂತೆ 700ಕ್ಕೆ 3,500 ಆಗುತ್ತಿತ್ತು. ಉಳಿದದ್ದು 185 ರೂಪಾಯಿ. ಕೈಗವಸು ಸೇರಿಸಿದರೆ ಅದೂ ಇಲ್ಲ. ಹಾಗಾಗಿ ದುಡ್ಡು ಉಳಿಯುತ್ತೆ ಅಂತ ಯಾರಿಗೂ ಹೇಳಲಾರೆ. ಆದರೆ ಮರುದಿನ ಪಾಲಿಕೆ ಗಾಡಿಗೆ ನಾವು ಹಾಕಿದ ಒಣ ಕಸ ಒಂದೇ ಚೀಲ. ಉಂಡ ಎಲೆಗಳನ್ನು ಎಮ್ಮೆ ಸಾಕಿದವರು ಒಂದಷ್ಟು ಒಯ್ದರು, ಉಳಿದದ್ದು ಹಸಿ ಕಸಕ್ಕೆ ಹೋಯಿತು.

ಆ ಒಂದು ಚೀಲವೂ ಬೇರೆಯವರ ಕೃಪೆ. ಹೂವಿನ ಅಲಂಕಾರದವರು ಬೇಡ ಅಂದರೂ "ಸುಸ್ವಾಗತ" ಅಂತ ಥರ್ಮಾಕೋಲ್ ಅಕ್ಷರ ತಂದಿದ್ದರು. ಸ್ವೀಟ್ ಅಂಗಡಿಯವರು ಡಬ್ಬಕ್ಕೆಲ್ಲ ಪ್ಲಾಸ್ಟಿಕ್ ಹಾಳೆ ಸುತ್ತಿದ್ದರು. ಅಲಂಕಾರದ ಥರ್ಮಾಕೋಲ್, ಸ್ವೀಟ್ ಡಬ್ಬದ ಮೇಲಿನ ಹಾಳೆ ಎರಡೂ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧ. ಪ್ಲಾಸ್ಟಿಕ್ ಕಪ್, ತಟ್ಟೆ, ಚಮಚ ಇರುವ ಅದೇ ಪಟ್ಟಿಯಲ್ಲಿ ಇವೂ ಇವೆ. ಕೇಳಿದರೆ "ಎಲ್ರೂ ಹಾಕ್ತಾರ್ರೀ" ಅಂದರು.

ಪಾತ್ರೆ ಅಂಗಡಿಗೆ ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ. ಟೆಂಪೋ ಹೊತ್ತಿಗೆ ಸರಿಯಾಗಿ ಬಂದಿದ್ದರೆ ನಾಲ್ಕೂವರೆ. ತರುವವರು ಹಿಂದಿನ ರಾತ್ರಿಯೇ ತಂದಿಟ್ಟುಕೊಳ್ಳಿ. ಇಳಿಸಿಕೊಳ್ಳುವಾಗ ಎಣಿಸಿ. ಬಡಿಸುವವರ ಹತ್ತಿರ ಜಗ್ಗಿನ ಮಾತು ಮೊದಲೇ ಆಡಿಕೊಳ್ಳಿ. ಕೈಗವಸು ಮರೆಯಬೇಡಿ.

ಹತ್ತು ದಿನ ಆದ ಮೇಲೆ ಮೂರು ಲೋಟ ಸಿಕ್ಕವು. ಒಂದು ಸೋಲಾರ್ ನೋಡಲು ತಾರಸಿ ಹತ್ತಿದವರು ಅಲ್ಲೇ ಬಿಟ್ಟದ್ದು, ಎರಡು ಪಕ್ಕದ ಮನೆಯಲ್ಲಿ. ತೊಳೆದು, ಒರೆಸಿ, ಅಂಗಡಿಗೆ ಒಯ್ದೆ. ಮಾಲೀಕರು ಒಂದೊಂದನ್ನೇ ತಿರುಗಿಸಿ ಅಕ್ಷರ ನೋಡಿದರು. ಆಮೇಲೆ ಗಲ್ಲಾದ ಕೆಳಗಿನಿಂದ ಹಳೇದೊಂದು ಲೋಟ ತೆಗೆದು ನನ್ನ ಮುಂದಿಟ್ಟರು. ಅದರ ಮೇಲೆ ನಮ್ಮ ಅತ್ತೆಯವರ ಹೆಸರು. ತವರಿನವರು ಮದುವೆಯಲ್ಲಿ ಕೊರೆಸಿ ಕೊಟ್ಟದ್ದು.

"ಇದು ನಮ್ಮದಲ್ಲ ಅಕ್ಕಾರೆ. ಎಣಿಸುವಾಗ ನಮ್ಮ ಲೆಕ್ಕಕ್ಕೆ ಸೇರಿಕೊಂಡಿತ್ತು. ಹಂಗಂದ್ರೆ ಅವತ್ತು ಕಮ್ಮಿ ಬಂದಿದ್ದು ಏಳಲ್ಲ, ಎಂಟು."

ಮೂರು ಲೋಟಕ್ಕೆ 105 ವಾಪಸ್ ಬರಬೇಕಿತ್ತು. ಎಂಟನೆಯದಕ್ಕೆ 35 ಹಿಡಿದುಕೊಂಡು, 70 ರೂಪಾಯಿ ಎಣಿಸಿ ಕೊಟ್ಟರು.