ಸ್ಟಾರ್ ಬೇಕಾ, ಸಾಲ್ಮನ್ ಸಾಕಾ? ಒಂದೇ ಡೇಟಾ ಎರಡರಲ್ಲೂ ಓಡಿಸಿ ನೋಡಿದೆ

ಜೀನೋಮಿಕ್ಸ್ ಲ್ಯಾಬ್‌ಗೆ ಹೊಸದಾಗಿ ಬಂದ ಕಂಪ್ಯೂಟೇಶನಲ್ ಬಯಾಲಜಿಸ್ಟ್‌ಗಳು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. ಆರ್‌ಎನ್‌ಎ ಸೀಕ್ವೆನ್ಸಿಂಗ್ ಡೇಟಾ ಕೈಗೆ ಬಂದಿದೆ, ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ಎಣಿಸಬೇಕು. ಅದಕ್ಕೆ ಸ್ಟಾರ್, ಸಾಲ್ಮನ್ ಎಂಬ ಸಾಫ್ಟ್‌ವೇರ್‌ಗಳಿವೆ. ಸ್ಟಾರ್ ಓಡಿಸಬೇಕಾ, ಸಾಲ್ಮನ್ ಓಡಿಸಬೇಕಾ? ಬಾಯಿಮಾತಿನಲ್ಲಿ ಉತ್ತರ ಕೊಟ್ಟು ಕೊಟ್ಟು ನನಗೇ ಸಮಾಧಾನ ಆಗಲಿಲ್ಲ. ಹಾಗಾಗಿ ನಮ್ಮಲ್ಲೇ ಇದ್ದ ಎರಡು ಪ್ರಾಜೆಕ್ಟ್‌ಗಳ ಡೇಟಾ ತೆಗೆದುಕೊಂಡೆ. ಒಂದು, ಡಿಎನ್‌ಎ ಕತ್ತರಿಸುವ ಕ್ರಿಸ್ಪರ್ ತಂತ್ರದಿಂದ ಒಂದು ಜೀನ್ ಕೆಡಿಸಿದ ಮಾನವ ಕೋಶಗಳದ್ದು. ಇನ್ನೊಂದು, ರಕ್ತದ ಸ್ಯಾಂಪಲ್‌ಗಳದ್ದು. ಎರಡನ್ನೂ ಎರಡೂ ದಾರಿಯಲ್ಲಿ ಕೊನೆಯವರೆಗೆ ಕೊಂಡೊಯ್ದೆ. ಕೊನೆಯ ಹೆಜ್ಜೆ ಮಾತ್ರ ಎಲ್ಲಕ್ಕೂ ಒಂದೇ, ಗುಂಪುಗಳ ನಡುವೆ ಯಾವ ಜೀನ್‌ನ ಎಣಿಕೆ ಬದಲಾಗಿದೆ ಎಂದು ಲೆಕ್ಕ ಹಾಕುವ ಡಿಸೀಕ್2.

ಎರಡೂ ಮಾಡುವ ಕೆಲಸವೇ ಬೇರೆ ಬೇರೆ. ಸ್ಟಾರ್ ಪ್ರತಿ ರೀಡನ್ನೂ, ಅಂದರೆ ಸೀಕ್ವೆನ್ಸರ್ ಓದಿದ ಪ್ರತಿ ಚಿಕ್ಕ ತುಂಡನ್ನೂ, ಸುಮಾರು 310 ಕೋಟಿ ಅಕ್ಷರಗಳ ಇಡೀ ಜೀನೋಮ್‌ನಲ್ಲಿ ಹುಡುಕುತ್ತದೆ. ಒಂದು ರೀಡ್ ಎರಡು ಎಕ್ಸಾನ್‌ಗಳ (ಆರ್‌ಎನ್‌ಎಯಲ್ಲಿ ಉಳಿಯುವ ಜೀನ್ ಭಾಗಗಳ) ಮೇಲೆ ಹರಡಿದ್ದರೆ ಅದನ್ನು ತುಂಡು ಮಾಡಿ, ನಡುವೆ ಕತ್ತರಿಸಿಹೋಗುವ ಇಂಟ್ರಾನ್ ದಾಟಿಸಿ, ಎರಡೂ ಕಡೆ ಸರಿಯಾಗಿ ಕೂರಿಸುತ್ತದೆ. ಸಾಲ್ಮನ್‌ಗೆ ಅಷ್ಟೆಲ್ಲ ಬೇಕಿಲ್ಲ. ಗೊತ್ತಿರುವ ಟ್ರಾನ್ಸ್‌ಕ್ರಿಪ್ಟ್‌ಗಳ, ಅಂದರೆ ಜೀನ್‌ಗಳಿಂದ ತಯಾರಾಗುವ ಆರ್‌ಎನ್‌ಎಗಳ ಪಟ್ಟಿ ಇಟ್ಟುಕೊಂಡು, ಈ ರೀಡ್ ಯಾವುದರಿಂದ ಬಂದಿರಬಹುದು ಎಂದಷ್ಟೇ ನೋಡುತ್ತದೆ. ಕ್ಯಾಲಿಸ್ಟೊ ಕೂಡ ಇದೇ ಜಾತಿ. ಅದರ ಪೇಪರ್ 2016ರಲ್ಲಿ ಬಂತು, ಸಾಲ್ಮನ್‌ನದ್ದು 2017ರಲ್ಲಿ. ಕ್ಯಾಲಿಸ್ಟೊವನ್ನೂ ಓಡಿಸಿದೆ, ನನ್ನ ಡೇಟಾದಲ್ಲಿ ಸಾಲ್ಮನ್‌ಗೂ ಅದಕ್ಕೂ ಹೇಳಿಕೊಳ್ಳುವಂಥ ಫರಕು ಕಾಣಲಿಲ್ಲ. ಅದನ್ನು ಇಲ್ಲಿಗೇ ಬಿಡುತ್ತೇನೆ.

ವೇಗದ ವಿಷಯದಲ್ಲಿ ವಾದಕ್ಕೆ ಜಾಗವೇ ಇಲ್ಲ. ಸಾಲ್ಮನ್ ಬೆಳಿಗ್ಗೆ ಶುರು ಮಾಡಿದರೆ ಮಧ್ಯಾಹ್ನದೊಳಗೆ ಎಲ್ಲ ಸ್ಯಾಂಪಲ್ ಮುಗಿಸಿತು. ಸ್ಟಾರ್ ಓಟಕ್ಕೆ ರಾತ್ರಿಯೂ ಬೇಕಾಯಿತು. ಅದೂ ಓಡಿದ ಸಮಯಕ್ಕಿಂತ ಕ್ಲಸ್ಟರ್‌ನ ಸಾಲಿನಲ್ಲಿ ಕಾದ ಸಮಯವೇ ಹೆಚ್ಚು. ಮಾನವ ಜೀನೋಮ್‌ಗೆ ಸ್ಟಾರ್ ಸುಮಾರು 30 ಜಿಬಿ ಮೆಮೊರಿ ಕೇಳುತ್ತದೆ. ಒಂದೇ ಯಂತ್ರದಲ್ಲಿ ನಾಲ್ಕು ಸ್ಯಾಂಪಲ್ ಒಟ್ಟಿಗೆ ಹಾಕಿದೆ. ನಾಲ್ಕೂ ಜೀನೋಮ್‌ನಲ್ಲಿ ಹುಡುಕಲು ಬೇಕಾದ ತಮ್ಮ ತಮ್ಮ ಇಂಡೆಕ್ಸ್ ತೆರೆದುಕೊಂಡವು, ಮೆಮೊರಿ ತುಂಬಿತು, ನಾಲ್ಕೂ ಅರ್ಧಕ್ಕೆ ನಿಂತವು. ದೊಡ್ಡ ಯಂತ್ರ ಇಲ್ಲದವರಿಗೆ ಇದು ಸಣ್ಣ ವಿಷಯ ಅಲ್ಲ. ಅಂಥವರು ಸಾಲ್ಮನ್ ಹಿಡಿದರೆ ನಾನು ತಪ್ಪು ಅನ್ನುವುದಿಲ್ಲ.

ಇನ್ನೊಂದು ಅನುಕೂಲ. ಲೈಬ್ರರಿ (ಸೀಕ್ವೆನ್ಸಿಂಗ್‌ಗೆ ತಯಾರಿಸಿದ ಸ್ಯಾಂಪಲ್) ಡಿಎನ್‌ಎಯ ಯಾವ ಎಳೆಯದ್ದು ಎನ್ನುವುದನ್ನು ಸಾಲ್ಮನ್ ತಾನೇ ಕಂಡುಕೊಳ್ಳುತ್ತದೆ. ಸ್ಟಾರ್ ದಾರಿಯಲ್ಲಿ ಎಣಿಸಲು ನಾನು ಬಳಸಿದ್ದು ಫೀಚರ್‌ಕೌಂಟ್ಸ್ ಎಂಬ ಇನ್ನೊಂದು ಸಾಫ್ಟ್‌ವೇರ್, ಅದಕ್ಕೆ ನಾವೇ 0, 1 ಅಥವಾ 2 ಎಂದು ಹೇಳಬೇಕು. ನಾನು 2 ಕೊಡುವ ಕಡೆ 1 ಕೊಟ್ಟಿದ್ದೆ. ರೀಡ್‌ಗಳು ಜೀನೋಮ್‌ನಲ್ಲಿ ಚೆನ್ನಾಗಿಯೇ ಕೂತಿದ್ದವು, ಎಣಿಕೆ ಮಾತ್ರ ಪಾತಾಳಕ್ಕೆ ಇಳಿದಿತ್ತು. ಅರ್ಧ ದಿನ ಹುಡುಕಿದ ಮೇಲೆ ಆ ಒಂದು ಅಂಕಿ ಸಿಕ್ಕಿತು.

ಎಣಿಕೆ ಎಷ್ಟು ಸರಿ? ಹೆಚ್ಚಿನ ಜೀನ್‌ಗಳಲ್ಲಿ ಎರಡೂ ಒಂದೇ ಮಾತು ಹೇಳಿದವು. ಭಿನ್ನ ಬಂದದ್ದು ಒಂದನ್ನೊಂದು ಹೋಲುವ ಜೀನ್‌ಗಳಲ್ಲಿ. ರಕ್ತದ ಸ್ಯಾಂಪಲ್‌ಗಳಲ್ಲಿ ಇದು ಎದ್ದು ಕಂಡಿತು. ಎಚ್‌ಬಿಎ1 ಮತ್ತು ಎಚ್‌ಬಿಎ2 ಎರಡೂ ಹಿಮೋಗ್ಲೋಬಿನ್‌ನ ಆಲ್ಫಾ ಸರಪಳಿಯ ಜೀನ್‌ಗಳು. ಎರಡೂ ಮಾಡುವ ಪ್ರೋಟೀನ್ ಒಂದೇ. ಜೀನ್‌ಗಳೂ ಅವಳಿಗಳ ಹಾಗೆ, ಗುರುತು ಹಿಡಿಯಲು ಇರುವುದು ಬಾಲದ ಕಡೆಯ ಸ್ವಲ್ಪ ವ್ಯತ್ಯಾಸ ಮಾತ್ರ. ಎರಡೂ ಕಡೆ ಕೂರುವ ರೀಡನ್ನು ಫೀಚರ್‌ಕೌಂಟ್ಸ್ ಸುಮ್ನೆ ಬಿಟ್ಟುಬಿಡುತ್ತದೆ, ಅದರ ಡಿಫಾಲ್ಟ್ ಹಾಗಿದೆ. ರಕ್ತದಲ್ಲಿ ಎಲ್ಲಕ್ಕಿಂತ ಹೆಚ್ಚಿರಬೇಕಾದ ಜೀನ್‌ಗಳು, ಆದರೆ ರೀಡ್‌ಗಳ ದೊಡ್ಡ ಪಾಲು ಲೆಕ್ಕಕ್ಕೇ ಬಂದಿರಲಿಲ್ಲ. ಸಾಲ್ಮನ್ ಹಾಗೆ ಬಿಡುವುದಿಲ್ಲ. ಗುರುತು ಸಿಗುವ ರೀಡ್‌ಗಳನ್ನು ನೋಡಿ, ಉಳಿದವನ್ನು ಆ ಪ್ರಮಾಣದಲ್ಲಿ ಹಂಚುತ್ತದೆ. ನಿಮ್ಮ ಜೀನ್ ಇಂಥ ದೊಡ್ಡ ಕುಟುಂಬದ್ದಾಗಿದ್ದರೆ ಸಾಲ್ಮನ್ ಎಣಿಕೆಯನ್ನೇ ನಂಬಿ. ಇಲ್ಲಿ ನನಗೆ ಸಂಶಯವಿಲ್ಲ.

ಆದರೆ ಸಾಲ್ಮನ್‌ಗೂ ಒಂದು ದೌರ್ಬಲ್ಯ ಇದೆ. ಅದಕ್ಕೆ ಪಟ್ಟಿಯೇ ಪ್ರಪಂಚ. ಮೊದಲ ಸಲ ನಾನು ಜೆನ್‌ಕೋಡ್ ಎಂಬ ಜೀನ್ ಪಟ್ಟಿಯಿಂದ ಪ್ರೋಟೀನ್ ಕೋಡ್ ಮಾಡುವ ಟ್ರಾನ್ಸ್‌ಕ್ರಿಪ್ಟ್‌ಗಳ ಫೈಲ್ ಮಾತ್ರ ತಂದು ಇಂಡೆಕ್ಸ್ ಕಟ್ಟಿದೆ. ಆ ಕೋಶಗಳಲ್ಲಿ ಇರಲೇಬಾರದ ಒಂದು ಜೀನ್ ಎಣಿಕೆಯಲ್ಲಿ ಕಾಣಿಸಿಕೊಂಡಿತು. ಸ್ಟಾರ್‌ನಲ್ಲಿ ನೋಡಿದರೆ ಆ ರೀಡ್‌ಗಳು ಬೇರೆ ಕ್ರೋಮೋಸೋಮ್‌ನ ಒಂದು ಸೂಡೊಜೀನ್ (ಕೆಲಸ ಕೆಟ್ಟ ಜೀನ್ ನಕಲು) ಮೇಲೆ ಅಕ್ಷರ ತಪ್ಪದೆ ಕೂತಿದ್ದವು. ಅವುಗಳ ನಿಜವಾದ ಮನೆ ಪಟ್ಟಿಯಲ್ಲಿರಲಿಲ್ಲ, ಹೋಲುವ ಪಕ್ಕದ ಮನೆಗೆ ಸಾಲ್ಮನ್ ಕಳಿಸಿತ್ತು. ಇಡೀ ಜೀನೋಮನ್ನು ಡಿಕಾಯ್ ಆಗಿ, ಅಂದರೆ ಪಟ್ಟಿಗೆ ಸೇರದ ರೀಡ್‌ಗಳನ್ನು ಹಿಡಿಯುವ ಬಲೆಯಾಗಿ, ಸೇರಿಸಿ ಇಂಡೆಕ್ಸ್ ಮತ್ತೆ ಕಟ್ಟಿದ ಮೇಲೆ ಆ ಎಣಿಕೆ ಹೆಚ್ಚುಕಡಿಮೆ ಮಾಯವಾಯಿತು. ಡಿಕಾಯ್ ಸೇರಿಸಿದರೆ ಮೆಮೊರಿ ಜಾಸ್ತಿ ಬೇಕು, ಸಮಯವೂ ಸ್ವಲ್ಪ ಹೆಚ್ಚು. ಆದರೂ ಡಿಕಾಯ್ ಇಲ್ಲದೆ ಸಾಲ್ಮನ್ ಓಡಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಈಗ ನನ್ನ ಮನಸ್ಸು ಬದಲಿಸಿದ ಘಟನೆಗೆ ಬರುತ್ತೇನೆ. ಕ್ರಿಸ್ಪರ್ ಪ್ರಾಜೆಕ್ಟ್‌ನಲ್ಲಿ ಸಾಲ್ಮನ್ ಎಣಿಕೆ ಮೊದಲು ಬಂತು. ಕೆಡಿಸಿದ ಜೀನ್‌ನ ಸಾಲು ನೋಡಿದೆ. ಕಂಟ್ರೋಲ್‌ನಲ್ಲಿ ಎಷ್ಟಿತ್ತೋ ನಾಕೌಟ್‌ನಲ್ಲೂ (ಜೀನ್ ಕೆಡಿಸಿದ ಕೋಶಗಳಲ್ಲೂ) ಹತ್ತಿರಹತ್ತಿರ ಅಷ್ಟೇ ಇತ್ತು. ಬೆಂಚಿನಲ್ಲಿ ತಿಂಗಳುಗಟ್ಟಲೆ ಆ ಕೋಶಗಳನ್ನು ಬೆಳೆಸಿದ ಸಹೋದ್ಯೋಗಿಯ ಮುಖ ಬಾಡಿಹೋಯಿತು. ನಾಕೌಟ್ ಆಗಿಯೇ ಇಲ್ವಾ ಎಂದು ಕೇಳಿದರು. ನನ್ನ ಹತ್ತಿರ ಇದ್ದದ್ದು ಒಂದು ಅಂಕಿ ಮಾತ್ರ, ಉತ್ತರ ಇರಲಿಲ್ಲ.

ಮರುದಿನ ಸ್ಟಾರ್ ಓಟ ಮುಗಿಯಿತು. ಪ್ರತಿ ರೀಡ್ ಎಲ್ಲಿ ಕೂತಿದೆ ಎಂದು ಬರೆದಿಟ್ಟ ಬ್ಯಾಮ್ ಫೈಲನ್ನು, ಅದನ್ನು ಚಿತ್ರವಾಗಿ ತೋರಿಸುವ ಐಜಿವಿಯಲ್ಲಿ ತೆರೆದು ಇಬ್ಬರೂ ಕೂತು ನೋಡಿದೆವು. ಕ್ರಿಸ್ಪರ್‌ಗೆ ದಾರಿ ತೋರಿಸುವ ಗೈಡ್ ಆರ್‌ಎನ್‌ಎ ಹೇಳಿದಂತೆ ಕತ್ತರಿಸಬೇಕಾದ ಜಾಗದಲ್ಲಿ, ನಾಕೌಟ್‌ನ ಪ್ರತಿ ರೀಡಿನಲ್ಲೂ ಏಳು ಅಕ್ಷರ ಇರಲಿಲ್ಲ. ಏಳು ಎಂದರೆ ಮೂರರಿಂದ ಭಾಗವಾಗದ ಸಂಖ್ಯೆ. ಕೋಶ ಅಕ್ಷರಗಳನ್ನು ಮೂರು ಮೂರಾಗಿ ಓದುತ್ತದೆ, ಹಾಗಾಗಿ ಅಲ್ಲಿಂದ ಮುಂದೆ ಓದುವ ಚೌಕಟ್ಟು ಕೆಡುತ್ತದೆ, ಸರಿಯಾದ ಪ್ರೋಟೀನ್ ಆಗುವುದಿಲ್ಲ. ಆದರೆ ಆರ್‌ಎನ್‌ಎ ತಯಾರಾಗುವುದು ನಿಂತಿರಲಿಲ್ಲ. ಇಂಥ ಕೆಟ್ಟ ಆರ್‌ಎನ್‌ಎಯನ್ನು ಕೋಶ ಹಲವು ಸಲ ತಾನೇ ನಾಶ ಮಾಡುತ್ತದೆ, ಎಲ್ಲ ಸಲವೂ ಅಲ್ಲ. ನಾಕೌಟ್ ಆಗಿತ್ತು. ಆಮೇಲೆ ಪ್ರೋಟೀನ್ ಇದೆಯೇ ಎಂದು ನೋಡುವ ಬ್ಲಾಟ್ ಪರೀಕ್ಷೆ ಕೂಡ ಅದನ್ನೇ ಹೇಳಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ, ಸಾಲ್ಮನ್ ಟೇಬಲ್‌ನಲ್ಲಿ ಹಾಗೆ ಪ್ರಮಾಣಿಸಲು ಏನೂ ಇರುವುದಿಲ್ಲ.

ರಕ್ತದ ಪ್ರಾಜೆಕ್ಟ್‌ನಲ್ಲೂ ಇದೇ ಪಾಠ. ಒಬ್ಬೊಬ್ಬರಿಂದ ಎರಡು ಸಲ ರಕ್ತ ತೆಗೆದಿದ್ದರು. ಎರಡು ಟ್ಯೂಬ್‌ಗಳು ಅದಲುಬದಲಾಗಿವೆ ಎಂಬ ಗುಮಾನಿ ಬಂತು. ಗಂಡು ಹೆಣ್ಣು ಬದಲಾಗಿದ್ದರೆ ಸಾಲ್ಮನ್ ಎಣಿಕೆಯೇ ಸಾಕಿತ್ತು. ಎಕ್ಸಿಸ್ಟ್ ಎಂಬ ಜೀನ್ ಹೆಣ್ಣಿನಲ್ಲಿ ಜೋರಾಗಿರುತ್ತದೆ, ವೈ ಕ್ರೋಮೋಸೋಮ್‌ನ ಜೀನ್‌ಗಳು ಗಂಡಿನಲ್ಲಿ ಮಾತ್ರ. ಆದರೆ ಇಬ್ಬರೂ ಗಂಡಸರು. ಬ್ಯಾಮ್ ಫೈಲ್‌ಗಳಲ್ಲಿ ಪ್ರತಿಯೊಬ್ಬರ ಡಿಎನ್‌ಎ ವ್ಯತ್ಯಾಸಗಳನ್ನು ಹೋಲಿಸಿ ನೋಡಿದ ಮೇಲೆ, ಯಾವ ಟ್ಯೂಬ್ ಯಾರದ್ದು ಎಂದು ತಿಳಿಯಿತು. ಆ ರೋಗಿಗಳು ನಮ್ಮನ್ನು ನಂಬಿ ರಕ್ತ ಕೊಟ್ಟಿದ್ದಾರೆ. ಹೆಸರು ತಪ್ಪಿದ ಫಲಿತಾಂಶ ಹೊರಹೋಗಿದ್ದರೆ ನನಗೆ ನಿದ್ದೆ ಬರುತ್ತಿರಲಿಲ್ಲ.

ಸ್ಟಾರ್‌ನ ವರದಿ ಓದುವಾಗ ಒಂದು ಎಚ್ಚರಿಕೆ. ಅದರಲ್ಲಿ ಕೂರದ ರೀಡ್‌ಗಳ ಪಕ್ಕ ತುಂಬಾ ಚಿಕ್ಕದು ಎಂಬ ಕಾರಣ ಇರುತ್ತದೆ. ರೀಡ್ ಚಿಕ್ಕದು ಎಂದು ಅರ್ಥ ಅಲ್ಲ. ಅದರಲ್ಲಿ ಹೊಂದಿಕೆಯಾದ ಭಾಗ ಚಿಕ್ಕದು ಎಂದು ಅರ್ಥ. ಆ ಅಂಕಿ ದೊಡ್ಡದಿದ್ದರೆ ಆ ರೀಡ್‌ಗಳನ್ನು ತೆಗೆದು ನೋಡಿ. ಕೋಶಗಳಿಗೆ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡಿದ್ದು ಹೀಗೆಯೇ ಗೊತ್ತಾಗಬಹುದು.

ಹಾಗಾದರೆ ಯಾವುದು? ಹೊಸ ಪ್ರಯೋಗ, ಹೊಸ ಕೋಶ, ಹೊಸ ನಾಕೌಟ್ ಆದರೆ ನಾನು ಸ್ಟಾರ್ ಬಿಡುವುದಿಲ್ಲ. ಪಬ್ಲಿಕ್ ಡೇಟಾಬೇಸ್‌ನಿಂದ ನೂರಾರು ಸ್ಯಾಂಪಲ್ ಇಳಿಸಿ ಒಂದು ಜೀನಿನ ಏರಿಳಿತ ನೋಡುವುದಾದರೆ ಸಾಲ್ಮನ್ ಬಿಡುವುದಿಲ್ಲ. ಯಂತ್ರ ದೊಡ್ಡದಿದ್ದರೆ ಎರಡನ್ನೂ ಜೋಡಿಸಬಹುದು. ಕೇಳಿದರೆ ಸ್ಟಾರ್ ಜೀನೋಮ್ ಬ್ಯಾಮ್ ಜೊತೆಗೆ ಟ್ರಾನ್ಸ್‌ಕ್ರಿಪ್ಟ್‌ಗಳ ಲೆಕ್ಕದ ಇನ್ನೊಂದು ಬ್ಯಾಮ್ ಕೂಡ ಬರೆಯುತ್ತದೆ, ಅದನ್ನೇ ಸಾಲ್ಮನ್‌ಗೆ ಕೊಟ್ಟರೆ ಎಣಿಸಿಕೊಡುತ್ತದೆ. ಎನ್‌ಎಫ್‌-ಕೋರ್ ಎಂಬ ಸಮುದಾಯದ ಸಿದ್ಧ ಆರ್‌ಎನ್‌ಎಸೀಕ್ ಪೈಪ್‌ಲೈನ್ ಡಿಫಾಲ್ಟ್ ಆಗಿ ಮಾಡುವುದೂ ಇದನ್ನೇ. ಈಗ ನಮ್ಮ ಲ್ಯಾಬ್‌ನಲ್ಲಿ ಇದೇ ನಡೆಯುತ್ತಿದೆ. ಬ್ಯಾಮ್‌ಗಳು ಡಿಸ್ಕ್ ತುಂಬಿಸುತ್ತವೆ, ನಿಜ. ಅವನ್ನು ಕಡಿಮೆ ಜಾಗ ಹಿಡಿಯುವ ಕ್ರ್ಯಾಮ್‌ಗೆ ಬದಲಿಸಿ ಇಡುತ್ತೇನೆ, ಪೇಪರ್ ಹೊರಬರುವ ತನಕ ಒಂದನ್ನೂ ಅಳಿಸುವುದಿಲ್ಲ.