ಬೆಕ್ಕು ನಾಯಿ ಇರೋ ಮನೆಗೆ ಫಿನಾಯಿಲ್ಲೋ, ವಿನಿಗರೋ, ಬರೀ ಸೋಪೋ?

"ನೆಲ ಒರೆಸೋ ಲಿಕ್ವಿಡ್ ನೆಕ್ಕಿ ನಾಯಿ ಸತ್ತುಹೋಯಿತು, ಎಲ್ಲರಿಗೂ ಕಳಿಸಿ" ಅನ್ನೋ ಮೆಸೇಜ್ ನಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿತ್ತು. ಈ ಜಾತಿಯ ಸುದ್ದಿ ಹೊಸದೇನಲ್ಲ. 2004ರಲ್ಲಿ ಅಮೆರಿಕದಲ್ಲಿ ಸ್ವಿಫರ್ ವೆಟ್‌ಜೆಟ್ ಅನ್ನೋ ನೆಲ ಒರೆಸೋ ಮಾಪಿನ ಲಿಕ್ವಿಡ್ ಬಗ್ಗೆ ಇಂಥದ್ದೇ ಇಮೇಲ್ ಓಡಾಡಿತ್ತು. ಅದರಲ್ಲಿರೋದು ಹೆಚ್ಚುಕಡಿಮೆ ಚಳಿಯಲ್ಲಿ ಎಂಜಿನ್ ನೀರು ಹೆಪ್ಪುಗಟ್ಟದ ಹಾಗೆ ಕಾರಿಗೆ ಹಾಕೋ ಆಂಟಿಫ್ರೀಜ್, ಅದರಿಂದ ನಾಯಿಯ ಲಿವರ್ ಹೋಯಿತು ಅಂತ. ನಿಜಕ್ಕೂ ಅದರಲ್ಲಿದ್ದದ್ದು ಬೇರೆಯೇ ರಾಸಾಯನಿಕ. ಆಂಟಿಫ್ರೀಜ್‌ನ ಎಥಿಲೀನ್ ಗ್ಲೈಕಾಲ್ ಮುಖ್ಯವಾಗಿ ಹಾಳುಮಾಡೋದು ಕಿಡ್ನಿಯನ್ನು, ಅಲ್ಲಿಗೇ ಕಥೆ ಸಡಿಲವಾಯಿತು ಅಲ್ವಾ? ಅಲ್ಲಿನ ಪ್ರಾಣಿ ಸಂಸ್ಥೆ ಎಎಸ್‌ಪಿಸಿಎ ಕೂಡ, ಲೇಬಲ್‌ನಲ್ಲಿ ಹೇಳಿದ ಹಾಗೆ ಬಳಸಿದರೆ ಭಯವಿಲ್ಲ ಅಂದಿತು. ಅದಕ್ಕೂ ಮುಂಚೆ 90ರ ದಶಕದ ಕೊನೆಗೆ ಬಟ್ಟೆಯ ವಾಸನೆ ತೆಗೆಯೋ ಸ್ಪ್ರೇ ಫೆಬ್ರೀಜ್ ಮೇಲೂ ಹೀಗೇ ಸುದ್ದಿ ಹಬ್ಬಿತ್ತು.

ಹಾಗಂತ ಎಲ್ಲವೂ ಸುಳ್ಳು ಅಂತಲ್ಲ. ನಮ್ಮ ಮನೆಯಲ್ಲಿ ಒಂದು ನಾಟಿ ನಾಯಿ, ಒಂದು ಬೆಕ್ಕು. ಹಾಲ್‌ನಲ್ಲಿ ಟೈಲ್ಸ್, ಅಡುಗೆಮನೆಯಲ್ಲಿ ಕಡಪ ಕಲ್ಲು. ಬೆಕ್ಕಿಗೆ ಒದ್ದೆ ನೆಲದ ಮೇಲೆ ನಡೆದು ಬಂದು, ಬೆರಳುಗಳನ್ನು ಅಗಲಿಸಿ, ಸಂದು ಸಂದನ್ನೂ ನೆಕ್ಕಿಕೊಳ್ಳೋ ಅಭ್ಯಾಸ. ಅಂದರೆ ನೆಲಕ್ಕೆ ಹಾಕಿದ್ದು ಹೊಟ್ಟೆಗೆ ಹೋಗಿಯೇ ಹೋಗುತ್ತದೆ. ಅದಕ್ಕೇ ಒಂದೊಂದನ್ನೇ ಬಳಸಿ ನೋಡಿದೆ.

ಮೊದಲು ಫಿನಾಯಿಲ್. ಬಿಳಿಯದು ಪೈನ್ ಎಣ್ಣೆಯದು, ನೀರಿಗೆ ಬಿದ್ದ ಕೂಡಲೇ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಕಪ್ಪು ಫಿನಾಯಿಲ್ ಡಾಂಬರಿನಿಂದ ತೆಗೆದ ಕ್ರೆಸಾಲ್, ಫೀನಾಲ್‌ಗಳದ್ದು. ಅಗ್ಗ, ಘಾಟು ಜೋರು, ಒರೆಸಿದ್ದು ಮೂರನೇ ಮನೆಗೂ ಗೊತ್ತಾಗುತ್ತದೆ. ಆದರೆ ಫೀನಾಲ್ ಜಾತಿಯ ವಸ್ತುಗಳನ್ನು ಕರಗಿಸಿ ಹೊರಹಾಕೋ ಶಕ್ತಿ ಬೆಕ್ಕಿನ ಲಿವರ್‌ಗೆ ತುಂಬಾ ಕಡಿಮೆ. ನಾಯಿಗೆ, ನಮಗೆ ಇರೋ ಆ ಕಿಣ್ವ ಅದಕ್ಕೆ ಸರಿಯಾಗಿ ಇಲ್ಲ. ಡೆಟಾಲ್‌ನ ಕ್ಲೋರೋಕ್ಸಿಲೆನಾಲ್ ಕೂಡ ಇದೇ ಗುಂಪಿನದು, ಸ್ನಾನದ ನೀರಿಗೆ ಎರಡು ಹನಿ ಹಾಕೋ ನಮ್ಮ ಪ್ರೀತಿ ಬೆಕ್ಕಿನ ಮೇಲೆ ಬೇಡ. ತಮಾಷೆ ಅಂದರೆ ಯಾವ ಫಾರ್ವರ್ಡ್‌ನಲ್ಲೂ ನಾನು ಫಿನಾಯಿಲ್ ಹೆಸರು ನೋಡಿಲ್ಲ. ಅಜ್ಜಿ ಕಾಲದ್ದು ಅಂತ ಅದಕ್ಕೆ ಎಲ್ಲ ಮಾಫಿ! ನಮ್ಮನೆಯಿಂದ ಎರಡೂ ಫಿನಾಯಿಲ್ ಹೊರಗೆ ಹೋದವು.

ಆಮೇಲೆ ಅಂಗಡಿಯ ಬಣ್ಣದ ಫ್ಲೋರ್ ಕ್ಲೀನರ್. ಸುಮಾರು ಬಾಟಲಿಗಳ ಹಿಂದೆ ಬೆನ್ಜಾಲ್ಕೋನಿಯಂ ಕ್ಲೋರೈಡ್ ಅಂತ ಇರುತ್ತದೆ. ನೀರು ಬೆರೆಸದ ಗಟ್ಟಿ ಲಿಕ್ವಿಡ್ ನೆಕ್ಕಿದರೆ ಬೆಕ್ಕಿಗೆ ನಾಲಿಗೆ ಹುಣ್ಣು, ಜೊಲ್ಲು, ಜ್ವರ, ಇದು ನಿಜ. ಲೇಬಲ್‌ನಲ್ಲಿ ಹೇಳಿದಷ್ಟೇ ನೀರಿಗೆ ಬೆರೆಸಿ, ನೆಲ ಪೂರ್ತಿ ಒಣಗಿದ ಮೇಲೆ ಬಿಟ್ಟರೆ ನಮ್ಮ ಎರಡಕ್ಕೂ ಏನೂ ಆಗಲಿಲ್ಲ. ತೊಂದರೆ ಇರೋದು ಅಳತೆಯಲ್ಲಿ. ಮನೆಗೆಲಸದ ಅಕ್ಕನಿಗೆ ಮುಚ್ಚಳದ ಲೆಕ್ಕ ಅಂದರೆ ಜಿಪುಣತನ, ವಾಸನೆ ಘಂ ಅಂದರೇನೇ ಅವರಿಗೆ ಸಮಾಧಾನ. ಬರಿಗಾಲಲ್ಲಿ ನಡೆದಾಗ ಪಾದ ಸ್ವಲ್ಪ ಅಂಟಿದ ಹಾಗಾದರೆ ಜಾಸ್ತಿ ಬಿದ್ದಿದೆ ಅಂತ ತಿಳಿಯಿರಿ. ಈಗ ಬಕೆಟ್‌ಗೆ ನಾನೇ ಬೆರೆಸಿ ಇಡುತ್ತೇನೆ.

"ಹರ್ಬಲ್, ಪ್ರಾಣಿಗಳಿಗೆ ಸುರಕ್ಷಿತ" ಅಂತ ಬರೆದಿದ್ದ ಲೆಮನ್‌ಗ್ರಾಸ್ ಎಣ್ಣೆಯದ್ದನ್ನೂ ತಂದೆ. ನಮಗೆ ಹಿತವಾದ ವಾಸನೆ. ಬೆಕ್ಕು ಮಾತ್ರ ಬಾಗಿಲಲ್ಲೇ ನಿಂತು, ಮೂಗು ಸುಕ್ಕಿಸಿ, ವಾಪಸ್ ಹೋಯಿತು. ಟೀ ಟ್ರೀ, ನೀಲಗಿರಿ, ಪೈನ್ ಎಣ್ಣೆಗಳು ಗಿಡದಿಂದ ಬಂದವೇ, ಆದರೂ ಬೆಕ್ಕಿಗೆ ಆಗಿಬರೋದಿಲ್ಲ. ಇದಕ್ಕೆ ದುಡ್ಡು ಜಾಸ್ತಿ ಬೇರೆ.

ವಿನಿಗರ್ ಬೆರೆಸಿದ ನೀರಿನಿಂದ ಪ್ರಾಣಿಗಳಿಗೆ ಭಯವಿಲ್ಲ. ಒಣಗಿದ ಮೇಲೆ ವಾಸನೆಯೂ ಹೋಗುತ್ತದೆ. ಏಟು ಬೀಳೋದು ಕಲ್ಲಿಗೆ. ಕಡಪ, ಶಹಾಬಾದ್, ಮಾರ್ಬಲ್ ಎಲ್ಲ ಸುಣ್ಣದ ಅಂಶದ ಕಲ್ಲುಗಳು, ಹುಳಿ ತಾಗಿದರೆ ಹೊಳಪು ಸತ್ತು ಕಲೆಯಾಗುತ್ತವೆ. ಟೈಲ್ಸ್ ಇದ್ದರೆ ಧಾರಾಳವಾಗಿ ಬಳಸಿ, ಎಣ್ಣೆ ಜಿಡ್ಡು ಹೋಗುತ್ತದೆ ಅಂತ ಮಾತ್ರ ಆಸೆ ಇಟ್ಟುಕೊಳ್ಳಬೇಡಿ.

ಕೊನೆಗೆ ನಿಂತಿದ್ದು ಪಾತ್ರೆ ತೊಳೆಯೋ ಲಿಕ್ವಿಡ್. ಒಂದು ಬಕೆಟ್‌ಗೆ ಕೆಲವೇ ಹನಿ, ಆಮೇಲೆ ಬರೀ ನೀರಿನಲ್ಲಿ ಇನ್ನೊಂದು ಸಲ ಒರೆಸಬೇಕು. ಕೆಲಸ ಎರಡರಷ್ಟು, ಘಮಘಮ ಇಲ್ಲ, ಅಮ್ಮನಿಗೆ "ಒರೆಸಿದ ಹಾಗೇ ಇಲ್ಲ" ಅನ್ನೋ ಅಸಮಾಧಾನ. ಆದರೂ ದಿನಕ್ಕೆ ಇದೇ. ವಾರಕ್ಕೊಮ್ಮೆ ಬಣ್ಣದ ಕ್ಲೀನರ್, ಅಳತೆ ಮಾಡಿ, ಫ್ಯಾನ್ ಹಾಕಿ, ಒಣಗೋವರೆಗೆ ಎರಡೂ ಪ್ರಾಣಿ ರೂಮಿನೊಳಗೆ.

ಉಚ್ಚೆ ಹೊಯ್ದ ಜಾಗಕ್ಕೆ ಇವ್ಯಾವೂ ಸಾಲವು. ನಮ್ಮ ಮೂಗಿಗೆ ಹೋಗಿದೆ ಅನಿಸಿದರೂ ನಾಯಿಯ ಮೂಗಿಗೆ ಹೋಗಿರೋದಿಲ್ಲ, ಮತ್ತೆ ಅದೇ ಮೂಲೆ ಹುಡುಕುತ್ತದೆ. ಅಲ್ಲಿ ಉಚ್ಚೆಯ ಅಂಶವನ್ನೇ ಕಿಣ್ವದಿಂದ ಒಡೆಯೋ ಎಂಜೈಮ್ ಕ್ಲೀನರ್ ಮಾತ್ರ ಕೆಲಸ ಮಾಡಿತು. ಬೆಲೆ ಜಾಸ್ತಿ, ಆ ಮೂಲೆಗಷ್ಟೇ ಬಳಸಿ. ಬ್ಲೀಚಂತೂ ಉಚ್ಚೆಯ ಮೇಲೆ ಸುರಿಯಲೇಬೇಡಿ, ಅಮೋನಿಯಾ ಜೊತೆ ಸೇರಿ ಕ್ಲೋರಮೀನ್ ಅನ್ನೋ ವಿಷಗಾಳಿ ಏಳುತ್ತದೆ. ಟಾಯ್ಲೆಟ್ ಆಸಿಡ್ ಜೊತೆ ಸೇರಿಸಿದರೆ ಕ್ಲೋರಿನ್, ಅದು ನಮ್ಮ ಪುಪ್ಪುಸಕ್ಕೂ ಅಪಾಯ.

ಅಂದಹಾಗೆ ಬೀರುವಿನ ನುಸಿಗುಳಿಗೆಯೂ ಬೆಕ್ಕು ನಾಯಿಗೆ ಅಪಾಯವೇ. ಒಂದು ಗುಳಿಗೆ ನುಂಗಿದರೂ ರಕ್ತಕಣ ಒಡೆಯಬಹುದು.

ಏನಾದರೂ ಗಟ್ಟಿ ಲಿಕ್ವಿಡ್ ಪ್ರಾಣಿಯ ಮೈಗೆ ತಾಗಿದರೆ ಚೆನ್ನಾಗಿ ನೀರು ಹಾಕಿ ತೊಳೆಯಿರಿ. ನೆಕ್ಕಿಬಿಟ್ಟಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗಬೇಡಿ. ವೆಟರ್ನರಿ ಡಾಕ್ಟರ್ ಹತ್ತಿರ ಓಡುವಾಗ ಬಾಟಲಿಯನ್ನೂ ಎತ್ತಿಕೊಂಡು ಹೋಗಿ, ಅದರಲ್ಲಿ ಏನಿತ್ತು ಅಂತ ಅವರು ಕೇಳೇ ಕೇಳುತ್ತಾರೆ.