26 ವರ್ಷ ಬಿಟ್ಟು ಮತ್ತೆ ಬಿಎ: ಮುಕ್ತ ವಿ.ವಿ. ತುಮಕೂರು ಕೇಂದ್ರದಲ್ಲಿ ನನ್ನ ಅನುಭವ

ನಮ್ಮೂರು ಗುಬ್ಬಿ. ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್ ಮಾಡುತ್ತೇನೆ. 1998ರಲ್ಲಿ ಪಿಯುಸಿ ಮುಗಿಯಿತು, ಅದೇ ವರ್ಷ ಮದುವೆ. ಓದು ಅಲ್ಲಿಗೇ ನಿಂತಿತು. 2024ರಲ್ಲಿ ಮಗಳ ಡಿಗ್ರಿ ಮುಗಿದಿತ್ತು. ಗೌರಿ ಹಬ್ಬದ ಬ್ಲೌಸುಗಳನ್ನೆಲ್ಲ ಹೊಲಿದು ಕೊಟ್ಟು ಸ್ವಲ್ಪ ಬಿಡುವಾದಾಗ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ತುಮಕೂರು ಪ್ರಾದೇಶಿಕ ಕೇಂದ್ರಕ್ಕೆ ಹೋದೆ. ಜುಲೈ ಆವೃತ್ತಿಯ ಪ್ರವೇಶ ಇನ್ನೂ ನಡೆಯುತ್ತಿತ್ತು. ಕನ್ನಡ ಮಾಧ್ಯಮದ ಬಿಎಗೆ ಸೇರಿದೆ.

ಈ ವಿಶ್ವವಿದ್ಯಾಲಯ ಶುರುವಾಗಿದ್ದು 1996ರಲ್ಲಿ, ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ. ಅಂದರೆ ನನ್ನ ಮದುವೆ ಹೊತ್ತಿಗೇ ಇದಿತ್ತು. ನಮ್ಮ ಮನೆಯಲ್ಲಿ ಹೇಳುವವರು ಇರಲಿಲ್ಲ, ಅಷ್ಟೆ. ಇದನ್ನು ಬರೆಯುತ್ತಿರುವುದೂ ಅದಕ್ಕೇ.

ಸೇರುವಾಗ ಒಂದು ವಿಷಯ ಗಮನಿಸಿ. ಈಗ ದೂರಶಿಕ್ಷಣಕ್ಕೆ ಸೇರಲು ಯುಜಿಸಿಯ (ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಆಯೋಗ) ಡಿಇಬಿ ಐಡಿ, ಅಂದರೆ ಅದರ ದೂರಶಿಕ್ಷಣ ವಿಭಾಗ ಕೊಡುವ ಗುರುತಿನ ಸಂಖ್ಯೆ, ಬೇಕೇ ಬೇಕು. ಅದಕ್ಕೂ ಮೊದಲು 12 ಅಂಕಿಯ ಎಬಿಸಿ ಐಡಿ (ನಾವು ಓದಿ ಗಳಿಸಿದ ಕ್ರೆಡಿಟ್‌ಗಳ ಲೆಕ್ಕ ಇಡುವ ಆನ್‌ಲೈನ್ ಖಾತೆಯ ಸಂಖ್ಯೆ) ಮಾಡಿಸಬೇಕು. ನನ್ನ ಅಂಕಪಟ್ಟಿಯಲ್ಲಿ ಅಪ್ಪನ ಇನಿಷಿಯಲ್ ಇದೆ, ಆಧಾರ್‌ನಲ್ಲಿ ಗಂಡನ ಹೆಸರು. ಒಂದು ಸೈಬರ್ ಸೆಂಟರ್‌ನವರು ಎರಡನ್ನೂ ತಾಳೆ ನೋಡದೆ ಸುಮ್ನೆ ಟೈಪ್ ಮಾಡಿ ಕಳಿಸಿದರು. ಹೆಸರು ಹೊಂದದೆ ದುಡ್ಡೂ ಹೋಯಿತು, ಎರಡು ದಿನದ ಕೆಲಸವೂ ಹೋಯಿತು. ಕೇಂದ್ರದಲ್ಲಿದ್ದ ಮೇಡಂ ಎರಡು ಕಾಗದವನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಯಾವ ಅಕ್ಷರ ಬೇರೆ ಇದೆ ಅಂತ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿ ತೋರಿಸಿದರು. "ಮೊದಲು ಆಧಾರ್ ಸರಿ ಮಾಡಿಸಿಕೊಳ್ಳಿ ಅಮ್ಮಾ, ಆಮೇಲೆ ಬನ್ನಿ, ಟೈಮ್ ಇದೆ" ಅಂದರು. ಆ ಮಾತು ಕೇಳದಿದ್ದರೆ ನಾನು ಅವತ್ತೇ ಕೈಬಿಡುತ್ತಿದ್ದೆ.

ಇನ್ನು ಪುಸ್ತಕಗಳು. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಇವೇ. ಪಾಠಗಳನ್ನು ಘಟಕಗಳಾಗಿ ಒಡೆದಿದ್ದಾರೆ. ಮೊದಲಿಗೆ ಈ ಘಟಕದಲ್ಲಿ ಏನು ಕಲಿಯುತ್ತೀರಿ ಅಂತ ಇರುತ್ತದೆ, ಕೊನೆಗೆ ಸಾರಾಂಶ, ಪ್ರಶ್ನೆಗಳು. ಮೇಷ್ಟ್ರಿಲ್ಲದೆ ಒಬ್ಬರೇ ಕೂತು ಓದುವವರಿಗೆಂದೇ ಬರೆದದ್ದು. ಒಂದು ಫಾಲ್ ಹಾಕಿ ಮುಗಿಸಿದರೆ ಎರಡು ಪುಟ, ಹೀಗೆ ಓದಿದೆ. ನನ್ನ ಇತಿಹಾಸದ ಪುಸ್ತಕ ಮಿಷನ್ ಮೇಲೇ ಇರುತ್ತದೆ, ಅಂಚಿನಲ್ಲೆಲ್ಲ ನೀಲಿ ಚಾಕಿನ ಬೆರಳಚ್ಚು.

ಓದುವುದು ಸುಲಭ, ಬರೆಯುವುದು ಕಷ್ಟ. ಮೊದಲ ಅಸೈನ್‌ಮೆಂಟ್‌ಗೆ ಕೂತಾಗ ಎರಡನೇ ಪುಟಕ್ಕೇ ಹೆಬ್ಬೆರಳು ಸೆಳೆಯತೊಡಗಿತು. ದಿನವಿಡೀ ಕತ್ತರಿ ಹಿಡಿದರೂ ನೋಯದ ಕೈ! ಆಮೇಲೆ ರಾತ್ರಿ ಊಟ ಆದ ಮೇಲೆ ದಿನಾ ಒಂದು ಪುಟ ಬರೆದು ರೂಢಿ ಮಾಡಿಕೊಂಡೆ. ಪರೀಕ್ಷೆ ಹೊತ್ತಿಗೆ ಅದೇ ಕಾಪಾಡಿತು.

ಸಂಪರ್ಕ ತರಗತಿಗಳನ್ನು, ಅಂದರೆ ಆಗಾಗ ಮೇಷ್ಟ್ರು ಎದುರಿಗೇ ಪಾಠ ಹೇಳುವ ತರಗತಿಗಳನ್ನು, ಮಾತ್ರ ತಪ್ಪಿಸಬೇಡಿ. ಗುಬ್ಬಿಯಿಂದ ತುಮಕೂರಿಗೆ ಸುಮಾರು 20 ಕಿ.ಮೀ. ಶಕ್ತಿ ಯೋಜನೆ ಇರುವುದರಿಂದ ನನಗೆ ಬಸ್ ಚಾರ್ಜಿನ ಯೋಚನೆಯೂ ಇರಲಿಲ್ಲ. ಒಂದು ದಿನ ಮೇಷ್ಟ್ರು, 1687ರಲ್ಲಿ ಮೊಘಲರು ಶಿರಾವನ್ನು ಒಂದು ಸುಬಾದ (ಪ್ರಾಂತ್ಯದ) ರಾಜಧಾನಿ ಮಾಡಿಕೊಂಡ ಕಥೆ ಹೇಳುತ್ತಿದ್ದರು. ಹಿಂದಿನ ಬೆಂಚಿನಲ್ಲಿದ್ದ ಶಿರಾದ ಅಣ್ಣ ಒಬ್ಬರು ಎದ್ದು ನಿಂತು, "ಸಾರ್, ಆ ಕೋಟೆ ಪಕ್ಕದಲ್ಲೇ ನಾನು ದಿನಾ ಗಾಡಿ ನಿಲ್ಲಿಸೋದು" ಅಂದರು. ಅವರಿಗೆ ಐವತ್ತು ದಾಟಿರಬೇಕು. ಅವತ್ತಿಂದ ಆ ಕ್ಲಾಸಿನಲ್ಲಿ ನನಗೆ ಸಂಕೋಚ ಅನ್ನುವುದೇ ಹೋಯಿತು.

ದಿನಾ ಎದುರಿಗೆ ನಿಂತು ಪಾಠ ಹೇಳಬೇಕು ಅನ್ನುವವರಿಗೆ ಇದು ಸರಿಹೋಗಲಿಕ್ಕಿಲ್ಲ. ಮನೆ, ಅಂಗಡಿ, ಹೊಲ ನೋಡಿಕೊಂಡೇ ಓದಬೇಕು ಅನ್ನುವವರು ಧೈರ್ಯವಾಗಿ ಸೇರಿ. ಜುಲೈ ತಪ್ಪಿದರೆ ಜನವರಿ ಆವೃತ್ತಿ ಇದೆ. ಹೋಗುವ ಮುಂಚೆ ಅಂಕಪಟ್ಟಿ, ಆಧಾರ್ ಎರಡರಲ್ಲೂ ಹೆಸರು ಒಂದೇ ಇದೆಯಾ ಅಂತ ನೀವೇ ಅಕ್ಷರ ಅಕ್ಷರ ಓದಿ ನೋಡಿಕೊಳ್ಳಿ.